ಮಾವನವರ ಹೆಬ್ಬೆರಳಿಗೊಂದು ರೀಲು

ಈ ಸಲ ಅಡುಗೆ ವಿಷಯ ಅಲ್ಲ, ಮೀನು ಹಿಡಿಯೋ ರೀಲಿನ ವಿಷಯ. ನಗಬೇಡಿ. ಎರಡು ತಿಂಗಳಿಂದ ನಿಮ್ಮಲ್ಲೇ ಮೂರು ಜನ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದ್ದೀರಿ. "ನಿಮ್ಮನೇಲಿ ರೀಲು ತಗೊಂಡಿದೀರಂತೆ, ನಮ್ಮ ಹುಡುಗನೂ ಹಟ ಹಿಡಿದಿದಾನೆ, ಯಾವುದು ಕೊಡಿಸ್ಲಿ?" ಅಂತ. ಒಬ್ಬೊಬ್ಬರಿಗೂ ಫೋನಲ್ಲಿ ಹೇಳ್ತಾ ಕೂತರೆ ಒಲೆ ಮೇಲಿಟ್ಟ ಹಾಲು ಉಕ್ಕತ್ತೆ. ಅದಕ್ಕೇ ಎಲ್ಲರಿಗೂ ಸೇರಿಸಿ ಬರೀತಿದೀನಿ. ಪಕ್ಕದ ಮನೆ ಅಕ್ಕ, ನೀವು ಮೀನು ತಿನ್ನದಿದ್ರೂ ಓದಿ. ಇದರಲ್ಲಿ ಮೀನಿಗಿಂತ ದಾರದ ಮಾತೇ ಜಾಸ್ತಿ ಇದೆ.

ಹುಡುಗರು ಫೋನಲ್ಲಿ ನೋಡೋದು ಹೆಚ್ಚಾಗಿ ಅಮೆರಿಕದ ವಿಡಿಯೋ. ಅಲ್ಲಿ ಬಾಸ್ ಅಂತ ಒಂದು ಮೀನು. ಅದನ್ನ ಹಿಡಿಯೋಕೆ ಬೈಟ್‌ಕಾಸ್ಟಿಂಗ್ ಅನ್ನೋ ರೀಲು, ಆ ರೀಲಿಗೇ ಅಂತ ಬೇರೆ ರಾಡು. ನಮ್ಮ ತುಂಗೆ ಭದ್ರೆಯಲ್ಲಿ, ನಮ್ಮ ಕೆರೆಗಳಲ್ಲಿ ಆ ಬಾಸ್ ಇಲ್ಲ. ನಮ್ಮಲ್ಲಿರೋದು ಕಾಟ್ಲಾ, ರೋಹು, ಗೆಂಡೆ, ಜಿಲೇಬಿ, ಕೊರವ. ಇವುಗಳಲ್ಲಿ ಕೊರವದ ಸ್ವಭಾವ ಆ ಬಾಸಿಗೆ ಹತ್ತಿರ. ಹಾವಿನ ತಲೆಯಂಥ ತಲೆ, ಉದ್ದ ಮೈ, ಸಂತೇಲಿ ಒಂಚೂರು ನೀರಲ್ಲಿ ಜೀವಂತ ಇಟ್ಟು ಮಾರ್ತಾರಲ್ಲ, ಅದು. ನೀರಿನ ಮೇಲೆ ಬಂದು ಗಾಳಿ ಕುಡಿಯೋ ಮೀನು, ಅದಕ್ಕೇ ಅಷ್ಟು ಹೊತ್ತು ಬದುಕತ್ತೆ. ಜೊಂಡಿನ ಸಂದಿ, ತಾವರೆ ಎಲೆ ಅಡಿ ಅಡಗಿ ಕೂತು, ಕಪ್ಪೆ ಹಾರಿದ ಕೂಡಲೇ ಬಾಯಿ ಹಾಕತ್ತೆ. ಹಾಗಾಗಿ ಇದನ್ನ ಹಿಡಿಯೋರು ರಬ್ಬರಿನ ಕಪ್ಪೆ ಕಟ್ಟಿ ದೂರ ಎಸೆದು, ಎಲೆ ಮೇಲೆ ಕುಪ್ಪಳಿಸಿದಂಗೆ ಎಳೆದು ತರ್ತಾರೆ. ಬಾಸಿನ ರೀಲು ನಮ್ಮ ಕೆರೆಗೂ ಒದಗೋದು ಈ ಕೊರವದಿಂದಾಗಿ.

ಇನ್ನು ನಮ್ಮನೆ ಕಥೆ. ನಮ್ಮ ಮಾವನವರು ನಲವತ್ತು ವರ್ಷ ಟೈಲರ್ ಆಗಿದ್ದವರು, ನಿಮಗೆಲ್ಲ ಗೊತ್ತು. ಮಲವಗೊಪ್ಪದಲ್ಲಿ ಎಷ್ಟು ಮನೆ ಮಕ್ಕಳ ಸ್ಕೂಲ್ ಯೂನಿಫಾರ್ಮು ಅವರು ಹೊಲಿದಿದ್ದೋ ಲೆಕ್ಕ ಇಲ್ಲ. ನನಗೆ ಬ್ಲೌಸ್ ಕತ್ತರಿಸೋದು ಕಲಿಸಿದ್ದೂ ಅವರೇ. ಭಾನುವಾರ ಬಂತು ಅಂದ್ರೆ ಬಿದಿರು ಕೋಲು, ಟಂಗೀಸ್ ದಾರ, ಒಂದು ಬೆಂಡು, ತೆಂಗಿನ ಚಿಪ್ಪಲ್ಲಿ ಎರೆಹುಳ. ಗಾಳ ಹಾಕಿ ಕೂತರೆ ಮಧ್ಯಾಹ್ನದ ಊಟದ ನೆನಪೂ ಇರ್ತಿರಲಿಲ್ಲ.

ಎರಡು ವರ್ಷದ ಹಿಂದೆ ಲಕ್ವ ಹೊಡೀತು. ಬಲಗೈ ಉಳೀತು, ಎಡಗೈ ಹೋಯ್ತು. ಹೋಯ್ತು ಅಂದ್ರೆ ಪೂರ್ತಿ ಅಲ್ಲ. ಮೊಣಕೈ ಮಡಿಸ್ತಾರೆ. ಬೆರಳು ಅರ್ಧ ಮುದುರಿಕೊಂಡಿವೆ. ಏನಾದ್ರೂ ಇಟ್ಟರೆ ಹಿಡಿದುಕೊಳ್ತವೆ, ಆದರೆ ತಾವಾಗಿ ಬಿಚ್ಚೋಕೆ, ತಿರುಗಿಸೋಕೆ ಆಗಲ್ಲ. ಹೊಲಿಗೆ ಅಂದ್ರೆ ಅರ್ಧ ಎಡಗೈ ಕೆಲಸ ಕಣ್ರೀ, ಸೂಜಿ ಕೆಳಗೆ ಬಟ್ಟೆ ದಾರಿ ತಪ್ಪದಂಗೆ ನಡೆಸೋದು ಅದೇ ಕೈ. ಅವರ ಮಿಷನ್ನಿಗೆ ಹಳೇ ಬೆಡ್‌ಶೀಟ್ ಹೊದಿಸಿಟ್ಟೆವು. ಮಾತು ಬರ್ತಿತ್ತು, ಆದರೆ ಆಡ್ತಿರಲಿಲ್ಲ. ಜಗಲಿ ಮೇಲೆ ಕೂತು ಶಿವಮೊಗ್ಗ-ಭದ್ರಾವತಿ ಬಸ್ಸು ನೋಡ್ತಾ ಇರೋರು. ಅತ್ತೆ ಊಟಕ್ಕೆ ಕರೆದರೆ "ಹೂಂ", ಮಾತ್ರೆ ಕೊಟ್ಟರೆ "ಹೂಂ", ಅಷ್ಟೇ.

ನನ್ನ ಮಗ ಈ ವರ್ಷ ಪಿಯುಸಿ ಮುಗಿಸಿದ. ರೀಲು ಬೇಕು ಅಂತ ಕುಣೀತಿದ್ದವನು ಅವನು. ತಾತನ ಪಕ್ಕ ಕೂತು ಆ ವಿಡಿಯೋಗಳನ್ನೇ ನೋಡ್ತಿದ್ದ. ಒಂದಿನ ಸಂಜೆ ಮಾವನವರು ತಾವಾಗಿ ಬಾಯಿ ಬಿಟ್ಟು, "ಆ ಡಬ್ಬಿಯೊಳಗೆ ದಾರ ಹೆಂಗೆ ಓಡತ್ತೋ?" ಅಂತ ಕೇಳಿದ್ರು. ನಾನು ಒಳಗೆ ಚಪಾತಿ ಲಟ್ಟಿಸ್ತಿದ್ದೆ. ಆರು ತಿಂಗಳಲ್ಲಿ ಅವರು ಏನನ್ನಾದ್ರೂ ಕೇಳಿದ್ದು ಅದೇ ಮೊದಲು. ಮದುವೆ ಸೀಸನ್ನಿನ ಬ್ಲೌಸ್ ದುಡ್ಡು ನನ್ನ ಹತ್ರ ಇತ್ತು. ಅದು ಯಾವುದಕ್ಕೆ ಹೋಗಬೇಕು ಅಂತ ಅಲ್ಲೇ ತೀರ್ಮಾನ ಆಯ್ತು.

ನಮ್ಮನೆಯವರು ಒಪ್ಪಲಿಲ್ಲ. "ಹುಡುಗನಿಗೆ ಒಂದು ಕೊಡಿಸು, ಬೇಡ ಅನ್ನಲ್ಲ. ಅಪ್ಪನಿಗೆ ಯಾಕೆ? ಎರಡು ಕೈ ಬೇಕಾದ ವಸ್ತು ತಂದು ಮುಂದಿಟ್ಟು ಇನ್ನಷ್ಟು ನೋಯಿಸ್ತೀಯಾ?" ಅಂದ್ರು. ಅವರ ಮಾತು ತೆಗೆದುಹಾಕೋ ಹಾಗಿರಲಿಲ್ಲ. ಕೈಗೆ ಹೊಂದದ್ದು ತಂದರೆ ಮಿಷನ್ ಪಕ್ಕದಲ್ಲಿ ಅದಕ್ಕೂ ಬೆಡ್‌ಶೀಟ್ ಹೊದಿಸಬೇಕಾಗತ್ತೆ. ಹಾಗಾಗಿ ಯಾವ ರೀಲು ಅನ್ನೋದು ನಮ್ಮನೇಲಿ ಆಟದ ಸಾಮಾನಿನ ಪ್ರಶ್ನೆ ಆಗಿರಲಿಲ್ಲ. ಕೂತು ಸರಿಯಾಗಿ ತಿಳ್ಕೊಂಡೇ ಅಂಗಡಿಗೆ ಹೋಗಿದ್ದು.

ತಿಳ್ಕೊಂಡಿದ್ದನ್ನ ನಮ್ಮ ಭಾಷೇಲಿ ಹೇಳ್ತೀನಿ. ದಾರದ ರೀಲಿನಿಂದ ದಾರ ಎರಡು ತರ ತೆಗೀಬಹುದು. ರೀಲನ್ನ ಅಲ್ಲಾಡದಂಗೆ ನಿಲ್ಲಿಸಿ, ತಲೆ ಮೇಲಿಂದ ದಾರ ಎಳೆಯೋದು ಒಂದು ತರ. ರೀಲು ತಿರುಗಲ್ಲ, ದಾರ ಮಾತ್ರ ಸುರುಳಿ ಬಿಚ್ಚಿಕೊಂಡು ಬರತ್ತೆ. ರೀಲನ್ನ ಕಡ್ಡಿಗೆ ಸಿಕ್ಕಿಸಿ ಎಳೆದರೆ ಇನ್ನೊಂದು ತರ, ಆಗ ರೀಲೇ ಗರಗರ ತಿರುಗತ್ತೆ. ಮೊದಲನೇ ತರದ್ದು ಸ್ಪಿನ್ನಿಂಗ್ ರೀಲು, ರಾಡಿನ ಕೆಳಗೆ ನೇತಾಡತ್ತೆ. ಎರಡನೇದು ಬೈಟ್‌ಕಾಸ್ಟಿಂಗ್ ರೀಲು, ರಾಡಿನ ಮೇಲೆ ಕೂರತ್ತೆ.

ಎರಡನೇದರಲ್ಲಿ ಒಂದು ತೊಂದರೆ. ಎಸೆದ ಕಪ್ಪೆ ಹಾರ್ತಾ ಹಾರ್ತಾ ನಿಧಾನ ಆಗತ್ತೆ, ಆದರೆ ರೀಲಿನ ಉಂಡೆ ಮೊದಲಿನ ಜೋರಲ್ಲೇ ತಿರುಗ್ತಿರತ್ತೆ. ಹೊರಗೆ ಹೋಗೋ ದಾರಕ್ಕಿಂತ ಬಿಚ್ಚಿಕೊಳ್ಳೋ ದಾರ ಜಾಸ್ತಿ ಆಯ್ತಲ್ಲ, ಅದೆಲ್ಲ ಒಳಗೇ ಗಂಟು ಹಾಕ್ಕೊಳ್ಳತ್ತೆ. ಇಂಗ್ಲಿಷಿನವರು ಅದಕ್ಕೆ ಹಕ್ಕಿಗೂಡು ಅಂತಾರೆ. ನಾವು ಗುಬ್ಬಿಗೂಡು ಅಂತೀವಿ. ಅದನ್ನ ತಡೆಯೋದು ಹೆಬ್ಬೆರಳು. ಉಂಡೆ ಮೇಲೆ ಹೆಬ್ಬೆರಳು ಹಗುರವಾಗಿ ಸವರಿಕೊಂಡಿರಬೇಕು, ಕಪ್ಪೆ ನೀರಿಗೆ ತಾಗೋ ಕ್ಷಣಕ್ಕೆ ಒತ್ತಿ ನಿಲ್ಲಿಸಬೇಕು.

ಈ ತರದ ರೀಲನ್ನ ಮೊದಲು ಮಾಡಿದವರಲ್ಲಿ ಹೆಸರು ಹೇಳೋದು ಜಾರ್ಜ್ ಸ್ನೈಡರ್ ಅನ್ನೋರದ್ದು. ಅಮೆರಿಕದ ಕೆಂಟುಕಿಯಲ್ಲಿ ಗಡಿಯಾರದ ಕೆಲಸ ಮಾಡ್ತಿದ್ದವರು, ಸುಮಾರು 200 ವರ್ಷದ ಹಿಂದೆ. ಚಕ್ರಕ್ಕೆ ಚಕ್ರ ಕಚ್ಚಿಸೋದು ಅವರಿಗೆ ಗೊತ್ತಿದ್ದ ವಿದ್ಯೆ. ಆಮೇಲೆ ಟೆಕ್ಸಾಸಿನಲ್ಲಿ ಆರ್. ಡಿ. ಹಲ್ ಅಂತ ಇನ್ನೊಬ್ಬರು, ಅವರೂ ಗಡಿಯಾರ ರಿಪೇರಿಯವರೇ. ಗುಬ್ಬಿಗೂಡು ಬಿಡಿಸಿ ಬಿಡಿಸಿ ಬೇಸತ್ತಿದ್ದವರು, ದಿನಸಿ ಅಂಗಡಿಯಲ್ಲಿ ಪೊಟ್ಟಣ ಕಟ್ಟೋಕೆ ತಿರುಗದ ಉಂಡೆಯಿಂದ ದಾರ ಎಳೆಯೋದನ್ನ ನೋಡಿ, ಸಿಕ್ಕಾಗದ ರೀಲು ಮಾಡಿದ್ರು. 1949ರಲ್ಲಿ ಜೆಬ್ಕೊ ಅನ್ನೋ ಹೆಸರಲ್ಲಿ ಅದು ಮಾರಾಟಕ್ಕೆ ಬಂತು. ಮುಚ್ಚಳ ಇರತ್ತೆ, ಹೆಬ್ಬೆರಳಲ್ಲಿ ಗುಂಡಿ ಒತ್ತಿ ಬಿಟ್ಟರೆ ಸಾಕು. ಸಣ್ಣ ಮಕ್ಕಳಿಗೆ, ಕೈ ಸೋತವರಿಗೆ ಅದು ಒಳ್ಳೇದೇ. ನಾವು ಹೋದ ಅಂಗಡಿಯಲ್ಲಿ ಅದು ಇರಲಿಲ್ಲ. ನಿಮಗೆ ಸಿಕ್ಕರೆ ಎಂಟು ಹತ್ತು ವರ್ಷದ ಮಕ್ಕಳಿಗೆ ಅದನ್ನೇ ಕೊಡಿಸಿ.

ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು. ಹೊಸಬರಿಗೆ ಸ್ಪಿನ್ನಿಂಗ್ ಸುಲಭ, ಬೈಟ್‌ಕಾಸ್ಟಿಂಗ್ ಕಷ್ಟ, ಹುಷಾರಿಲ್ಲದವರಿಗಂತೂ ಬೇಡವೇ ಬೇಡ. ಆದರೆ ಯಾರೂ ಯಾವ ಕೈ ಅಂತ ಕೇಳಲಿಲ್ಲ. ನನಗೆ ಅದೇ ಕೊರೀತಿತ್ತು. ಅಳತೆ ತಗೊಳ್ಳದೆ ಬ್ಲೌಸ್ ಹೊಲಿದಂಗಲ್ವಾ? ಮಾವನವರನ್ನೇ ಆಟೋದಲ್ಲಿ ಕೂರಿಸಿಕೊಂಡು ಅಂಗಡಿಗೆ ಕರ್ಕೊಂಡು ಹೋದೆ.

ಅಂಗಡಿ ಹುಡುಗ ಮೊದಲು ಸ್ಪಿನ್ನಿಂಗ್ ರೀಲು ಕೊಟ್ಟ. ಅದರಲ್ಲಿ ಒಂದು ತಂತಿ ಬಳೆ ಇರತ್ತೆ. ಎಸೆಯೋ ಮುಂಚೆ ಪ್ರತಿ ಸಲ ಬಲಗೈ ತೋರುಬೆರಳಲ್ಲಿ ದಾರ ಹಿಡ್ಕೊಂಡು, ಎಡಗೈಯಲ್ಲಿ ಆ ಬಳೆ ಎತ್ತಬೇಕು. ಮಾವನವರ ಎಡಗೈ ಅದನ್ನ ಎತ್ತಲಿಲ್ಲ. ಒಂದು ಸಲ, ಎರಡು ಸಲ, ಮೂರು ಸಲ. ಅವರು ರೀಲನ್ನ ಮೆಲ್ಲಗೆ ಗಾಜಿನ ಮೇಲಿಟ್ಟು "ಮನೆಗೆ ಹೋಗೋಣ" ಅಂದ್ರು. ಆ ಮಾತು ಕೇಳೋಕೆ ನನಗೆ ಆಗಲಿಲ್ಲ.

"ಒಂದು ನಿಮಿಷ ಕೂತ್ಕೊಳ್ಳಿ ಮಾವಯ್ಯ, ಇನ್ನೊಂದು ನೋಡ್ಕೊಂಡೇ ಹೋಗೋಣ" ಅಂತ ಬೈಟ್‌ಕಾಸ್ಟಿಂಗ್ ತೆಗೆಸಿದೆ. ಇದರಲ್ಲಿ ಬಲಗೈ ಹೆಬ್ಬೆರಳ ಕೆಳಗೇ ಒಂದು ಪಟ್ಟಿ. ಒತ್ತಿದರೆ ಉಂಡೆ ಬಿಡುಗಡೆ, ಹಿಡಿ ತಿರುಗಿಸಿದರೆ ತಾನಾಗಿ ಕಚ್ಚಿಕೊಳ್ಳತ್ತೆ. ಎಸೆಯೋಕೆ ಬೇಕಾಗಿದ್ದು ಒಂದೇ ಕೈ! ಎಸೆದ ಮೇಲೆ ರಾಡಿನ ಬುಡ ಎಡಗಂಕುಳಿಗೆ ಸಿಕ್ಕಿಸಿ, ರಾಡನ್ನ ಎಡಗೈ ಮೇಲೆ ಮಲಗಿಸಿ, ಬಲಗೈಯಲ್ಲಿ ತಿರುಗಿಸಿದರಾಯ್ತು. ಅವರ ಎಡಗೈ ಬೆರಳು ಇಟ್ಟಿದ್ದನ್ನ ಹಿಡಿದುಕೊಳ್ತವೆ ಅಂದೆನಲ್ಲ, ಇಲ್ಲಿ ಆ ಬೆರಳಿಗೆ ಇರೋ ಕೆಲಸ ಅಷ್ಟೇ.

ಒಂದು ಮುಖ್ಯ ವಿಷಯ ಇಲ್ಲೇ ಹೇಳಿಬಿಡ್ತೀನಿ. ಸ್ಪಿನ್ನಿಂಗ್ ರೀಲಿನ ಹಿಡಿಯನ್ನ ಸಾಮಾನ್ಯವಾಗಿ ಎಡಕ್ಕೋ ಬಲಕ್ಕೋ ಬದಲಾಯಿಸಬಹುದು. ಬೈಟ್‌ಕಾಸ್ಟಿಂಗಲ್ಲಿ ಬದಲಾಯಿಸೋಕಾಗಲ್ಲ, ಎಡಗೈಯದ್ದೇ ಬೇರೆ, ಬಲಗೈಯದ್ದೇ ಬೇರೆ ಮಾಡ್ತಾರೆ. ಅಂಗಡಿಯಲ್ಲೇ ನೋಡಿ ತಗೊಳ್ಳಿ. ಆನ್‌ಲೈನಲ್ಲಿ ತರಿಸೋದಾದ್ರೆ ಎರಡು ಸಲ ಓದಿ.

ಅಂಗಡಿ ಹುಡುಗ ಒಂದು ಸೀಸದ ಗುಂಡು ಕಟ್ಟಿ ರೀಲು ಹದ ಮಾಡೋದು ತೋರಿಸಿದ. ಹಿಡಿ ಪಕ್ಕ ಒಂದು ಸಣ್ಣ ತಿರುಪು ಇರತ್ತೆ. ರಾಡು ಎತ್ತಿ ಹಿಡಿದು ಪಟ್ಟಿ ಒತ್ತಿದರೆ ಗುಂಡು ನಿಧಾನಕ್ಕೆ ಇಳೀಬೇಕು. ನೆಲಕ್ಕೆ ತಾಗಿದ ಕೂಡಲೇ ಉಂಡೆಯೂ ನಿಲ್ಲಬೇಕು. ದಡಾರ್ ಅಂತ ಬಿದ್ದರೆ ತಿರುಪು ಬಿಗಿ ಮಾಡಬೇಕು, ಇಳಿಯದೇ ನಿಂತರೆ ಸಡಿಲ ಮಾಡಬೇಕು. ಮಾವನವರು ಅದನ್ನೇ ನೋಡ್ತಿದ್ದವರು ಇದ್ದಕ್ಕಿದ್ದಂಗೆ, "ಇದು ಬಾಬಿನ್ ಡಬ್ಬಿ ಕಣಮ್ಮ!" ಅಂದ್ರು.

ಹೊಲಿಗೆ ಗೊತ್ತಿರೋರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಾಬಿನ್ ಡಬ್ಬಿಯನ್ನ ದಾರದಲ್ಲಿ ನೇತುಹಾಕಿ ಒಂಚೂರು ಕುಲುಕಿದರೆ ಸ್ವಲ್ಪ ಇಳಿದು ನಿಲ್ಲಬೇಕು. ಜರ್ರಂತ ಇಳಿದರೆ ಸಡಿಲ, ಅಲ್ಲಾಡದಿದ್ದರೆ ಬಿಗಿ. ಸಣ್ಣ ತಿರುಪು ಕಾಲು ಸುತ್ತು ತಿರುಗಿಸೋದು. ನನಗೆ ಮೊದಲ ದಿನ ಮಾವನವರು ಕಲಿಸಿದ ಪಾಠವೇ ಅದು. ಅಂಗಡಿ ಹುಡುಗನ ಕೈಯಿಂದ ರೀಲು ಇಸ್ಕೊಂಡು, ಎದೆಗೆ ಆನಿಸಿ, ಬಲಗೈ ಎರಡೇ ಬೆರಳಲ್ಲಿ ತಿರುಪು ಹದ ಮಾಡಿದ್ರು. ಗುಂಡು ನವಿರಾಗಿ ಇಳಿದು ನೆಲ ಮುಟ್ಟಿತು. ಉಂಡೆ ನಿಂತಿತು. ನಾನು ಚೀಲದಿಂದ ದುಡ್ಡು ತೆಗೆದೆ.

ಒಟ್ಟು 6,500 ರೂಪಾಯಿ ಆಯ್ತು. ಮಾವನವರ ರೀಲಿಗೆ 2,800, ಅದರ ರಾಡಿಗೆ 1,900, ಮಗನಿಗೆ ಸ್ಪಿನ್ನಿಂಗ್ ರೀಲು ರಾಡು ಜೋಡಿ 1,800. ಮಗ ಮುಖ ಊದಿಸಿಕೊಂಡ. ಅವನಿಗೆ ಬೇಕಾಗಿದ್ದು ತಾತನಿಗೆ ಹೋಯ್ತು. "ತಾತನ್ನ ಕೇಳಿ ಇಸ್ಕೋ" ಅಂದೆ. ಎರಡು ವರ್ಷದಿಂದ ಆ ಮನೇಲಿ ಮಾವನವರ ಹತ್ರ ಯಾರೂ ಏನೂ ಕೇಳಿರಲಿಲ್ಲ, ಅವರೇ ಎಲ್ಲಕ್ಕೂ ನಮ್ಮನ್ನ ಕೇಳಬೇಕಾಗಿತ್ತು.

ಈಗ ನೀವು ಕೇಳಿದ್ದಕ್ಕೆ ಬರ್ತೀನಿ. ಹದಿನಾಲ್ಕು ಹದಿನೈದರ ಹುಡುಗರಿಗೆ, ಎರಡು ಕೈ ಗಟ್ಟಿ ಇರೋರಿಗೆ ಮೊದಲು ಸ್ಪಿನ್ನಿಂಗ್ ಕೊಡಿಸಿ. ಹಗುರ ಗಾಳ ಎಸೆಯೋಕೂ ಅದೇ ಸಲೀಸು. ಒಂದು ವರ್ಷ ಬಿಡದೆ ಹೋಗಿದ್ದರೆ, ಕೊರವದ ಹಿಂದೆ ಬಿದ್ದಿದ್ದರೆ, ಆಮೇಲೆ ಬೈಟ್‌ಕಾಸ್ಟಿಂಗ್.

ಬೈಟ್‌ಕಾಸ್ಟಿಂಗೇ ತಗೊಳ್ಳೋದಾದ್ರೆ ಕೈಯಲ್ಲಿ ಹಿಡಿದು ನೋಡಿ. ಚಪ್ಪಟೆ ಆಕಾರದ್ದು, 200 ಗ್ರಾಂ ಆಸುಪಾಸಿನದ್ದು ಹೊಸಬರ ಅಂಗೈಗೆ ಕೂರತ್ತೆ. ದುಂಡಗಿನದು ಸಾಮಾನ್ಯವಾಗಿ ಭಾರ. ಪಕ್ಕದಲ್ಲಿ ಅಂಕಿ ಬರೆದ ಬ್ರೇಕಿನ ಬಿಲ್ಲೆ ಇರಲೇಬೇಕು, ಒಳಗೆ ಅಯಸ್ಕಾಂತ ಇಟ್ಟು ಉಂಡೆಯ ಓಟ ತಡೆಯೋದು ಅದು. ಹೊರಗಿಂದಲೇ ತಿರುಗಿಸೋ ಹಾಗಿದ್ದರೆ ಹೊಸಬರಿಗೆ ಅರ್ಧ ಕಷ್ಟ ಕಡಿಮೆ. ಡಬ್ಬದ ಮೇಲೆ 6.3:1, 7.1:1 ಅಂತ ಬರೆದಿರತ್ತೆ. ಕಾಲ್ಮಿಷನ್ನಿನ ಕೆಳಗಿನ ದೊಡ್ಡ ಚಕ್ರ ಒಂದು ಸುತ್ತು ಬಂದರೆ ಮೇಲಿನ ಸಣ್ಣ ಚಕ್ರ ಹಲವು ಸುತ್ತು ಬರತ್ತಲ್ಲ, ಅದೇ ಲೆಕ್ಕ. ಹಿಡಿ ಒಂದು ಸುತ್ತಿಗೆ ಉಂಡೆ ಆರು ಚಿಲ್ಲರೆ ಸುತ್ತು. ಕಲಿಯೋರಿಗೆ ಆರು ಏಳರ ಮಧ್ಯದ್ದು ಸರಿ. ಇಷ್ಟು ಬೇರಿಂಗ್ ಇದೆ ಅಂತ ದೊಡ್ಡ ಅಂಕಿ ತೋರಿಸಿ ದುಡ್ಡು ಜಾಸ್ತಿ ಕೇಳ್ತಾರೆ, ಅದಕ್ಕೆ ಮರುಳಾಗಬೇಡಿ, ಸಂಖ್ಯೆ ಜಾಸ್ತಿ ಇದ್ದ ಮಾತ್ರಕ್ಕೆ ರೀಲು ಒಳ್ಳೇದಾಗಲ್ಲ. ಕಂಪನಿ ಹೆಸರಿಗೂ ಬೆರಗಾಗಬೇಡಿ. ಶಿಮಾನೊ ಅಂತ ಹುಡುಗರು ಬಾಯಿ ಬಿಡ್ತಾರಲ್ಲ, ಜಪಾನಿನ ಆ ಕಂಪನಿ 1921ರಲ್ಲಿ ಶುರುವಾಗಿದ್ದು ಸೈಕಲ್ಲಿನ ಫ್ರೀವೀಲ್ ಮಾಡಿಕೊಂಡು. ನಿಮ್ಮ ಹುಡುಗನ ಗೇರ್ ಸೈಕಲ್ಲಲ್ಲೂ ಅದೇ ಹೆಸರು ಇರಬಹುದು, ನೋಡಿ.

ಹಿಡಿ ಬುಡದಲ್ಲಿ ನಕ್ಷತ್ರದ ಆಕಾರದ ಚಕ್ರ ಇರತ್ತೆ. ಅದು ಡ್ರ್ಯಾಗು, ನಮ್ಮ ಮೇಲ್ದಾರದ ಟೆನ್ಷನ್ ಇದ್ದಂಗೆ. ತೀರ ಬಿಗಿ ಇದ್ದರೆ ದೊಡ್ಡ ಮೀನು ಜಗ್ಗಿದಾಗ ದಾರ ಕಿತ್ತುಹೋಗತ್ತೆ. ಸಡಿಲ ಇದ್ದರೆ ಗಾಳ ಕಚ್ಚಲ್ಲ. ಕೈಯಲ್ಲಿ ಜಗ್ಗಿದಾಗ ಬಿಗಿಯಾಗೇ ಒಂಚೂರು ಜಾರಬೇಕು.

ರಾಡಲ್ಲೂ ಎರಡು ಜಾತಿ. ಬೈಟ್‌ಕಾಸ್ಟಿಂಗ್ ರಾಡಿಗೆ ಹಿಡಿ ಕೆಳಗೆ ಬೆರಳು ಸಿಕ್ಕಿಸೋ ಕೊಕ್ಕೆ, ಉಂಗುರಗಳು ಮೇಲ್ಮುಖ. ಸ್ಪಿನ್ನಿಂಗ್ ರಾಡಿಗೆ ಉಂಗುರ ಕೆಳಮುಖ, ಮೊದಲನೇ ಉಂಗುರ ದೊಡ್ಡದು. ಒಂದರ ರೀಲು ಇನ್ನೊಂದಕ್ಕೆ ಹೊಂದಲ್ಲ. ಆರೂವರೆ ಅಡಿ ಸಾಕು. ಕೊರವಕ್ಕೆ ಮೀಡಿಯಂ ಹೆವಿ ಅಂತ ಬರೆದಿರೋದು ನೋಡಿ, ಜೊಂಡಿನೊಳಗಿಂದ ಎಳೆಯೋಕೆ ಅಷ್ಟು ಗಟ್ಟಿ ಬೇಕು. ಎಷ್ಟು ಗ್ರಾಂ ಎಸೀಬಹುದು ಅಂತಲೂ ರಾಡಿನ ಮೇಲೇ ಬರೆದಿರತ್ತೆ. ಎರಡು ತುಂಡಿನದ್ದೇ ತಗೊಳ್ಳಿ. ಆರೂವರೆ ಅಡಿ ಕೋಲು ಹಿಡ್ಕೊಂಡು ಸಂಜೆ ಭದ್ರಾವತಿ ಬಸ್ಸು ಹತ್ತಿ ನೋಡಿ, ಕಂಡಕ್ಟರ್ ಏನು ಹೇಳ್ತಾರೆ ಗೊತ್ತಾಗತ್ತೆ. ಮಾವನವರಿಗೆ ನಾವು ನೋಡಿದ್ದು ಇನ್ನೊಂದು, ಬುಡ ಉದ್ದ ಇರೋದು, ಕಂಕುಳಿಗೆ ಸಿಗಬೇಕಲ್ಲ.

ದಾರ ಮೊದಲ ವರ್ಷ ಸಾದಾ ಟಂಗೀಸ್ ಸಾಕು, 12ರಿಂದ 15 ಪೌಂಡು ತಡೆಯೋದು, ಅಂದ್ರೆ ಸುಮಾರು ಐದೂವರೆಯಿಂದ ಏಳು ಕೆ.ಜಿ. ಅಗ್ಗ, ಗುಬ್ಬಿಗೂಡು ಆದ್ರೆ ಕತ್ತರಿಸಿ ಬಿಸಾಕೋಕೂ ಹೊಟ್ಟೆ ಉರಿಯಲ್ಲ. ಹೆಣೆದ ದಾರ ಗಟ್ಟಿ, ಜೊಂಡಿಗೆ ಒಳ್ಳೇದು, ಆದರೆ ಕಲಿತ ಮೇಲೆ ಸಾಕು. ಉಂಡೆ ಅಂಚಿನವರೆಗೂ ದಾರ ತುಂಬಿಸಬೇಡಿ, ಮೂರು ಮಿಲಿಮೀಟರ್ ಬಿಡಿ. ಬಾಬಿನ್ ತುಂಬಿ ತುಳುಕಿದರೆ ಏನಾಗತ್ತೆ ಅಂತ ಗೊತ್ತಲ್ಲ.

ಕಲಿಯೋದು ಕೆರೇಲಿ ಅಲ್ಲ, ಹಿತ್ತಲಲ್ಲಿ. ಗಾಳ ಬಿಚ್ಚಿಟ್ಟು, 14 ಗ್ರಾಮಿನ ಒಂದು ತೂಕ ಕಟ್ಟಿ, 30 ಅಡಿ ದೂರದಲ್ಲಿ ಮೊರ ಇಟ್ಟೆವು. ತೀರ ಹಗುರ ತೂಕ ಕಟ್ಟಿದರೆ ಬೈಟ್‌ಕಾಸ್ಟಿಂಗ್ ಓಡೋದೇ ಇಲ್ಲ. ಬ್ರೇಕಿನ ಬಿಲ್ಲೆ ಮೊದಲು ಪೂರ್ತಿ ಏರಿಸಿಟ್ಟು, ಕೈ ಹದಕ್ಕೆ ಬಂದಂಗೆ ಒಂದೊಂದೇ ಅಂಕಿ ಇಳಿಸ್ತಾ ಬರೋದು. ಗುಬ್ಬಿಗೂಡು ಆದ್ರೆ ಜಗ್ಗಬೇಡಿ. ಉಂಡೆ ಮೇಲೆ ಹೆಬ್ಬೆರಳು ಗಟ್ಟಿಯಾಗಿ ಒತ್ತಿ, ಹಿಡಿ ಎರಡು ಸುತ್ತು ತಿರುಗಿಸಿ, ಪಟ್ಟಿ ಒತ್ತಿ ಮೆಲ್ಲಗೆ ದಾರ ಎಳೆದರೆ ಎಷ್ಟೋ ಸಲ ಬಿಡತ್ತೆ. ಬಿಡದಿದ್ದರೆ ಕ್ರೋಶಾ ಕಡ್ಡಿ. ಅದು ನನ್ನ ಕೆಲಸ ಆಗಿತ್ತು.

ಮೊದಲ ವಾರ ಮಾವನವರ ತೂಕ ನುಗ್ಗೆ ಗಿಡಕ್ಕೆ, ಅತ್ತೆ ಒಣಹಾಕಿದ ಸೀರೆಗೆ, ಒಂದು ಸಲ ಪಕ್ಕದ ಮನೆ ಹೆಂಚಿಗೂ ಹೋಗಿತ್ತು. ಆದರೆ ಅವರ ಹೆಬ್ಬೆರಳಿಗೆ ದಾರದ ಓಟ ಗೊತ್ತು. ಎರಡನೇ ವಾರಕ್ಕೆ ಮೊರದ ಅಂಚಿಗೆ ಬೀಳೋಕೆ ಶುರುವಾಯ್ತು. ಮಗ ಅದೇ ರೀಲು ಇಸ್ಕೊಂಡು ಎಸೆದರೆ ಗೂಡು. "ಎಸೆಯೋಕೆ ಯಾಕೋ ಅಷ್ಟು ಅವಸರ, ಬೆರಳಲ್ಲಿ ಕೇಳಿಸ್ಕೊ" ಅಂತ ಮಾವನವರು ಬೈಯೋರು. ಅವರು ಬೈಯೋದು ಕೇಳಿ ಅತ್ತೆ ಅಡುಗೆಮನೇಲಿ ಕಣ್ಣು ಒರೆಸ್ಕೊಂಡ್ರು. ಈರುಳ್ಳಿ ಹೆಚ್ಚುತ್ತಿದ್ದೆ ಅಂದ್ರು. ಅವತ್ತು ಸಾರಿಗೆ ಈರುಳ್ಳಿ ಹಾಕಿರಲಿಲ್ಲ.

ಮೇ ತಿಂಗಳಲ್ಲಿ ಭದ್ರಾವತಿ ಆಚೆ ನನ್ನ ತವರಿನ ಕೆರೆಗೆ ಹೋದೆವು. ಕೆರೆ ಗುತ್ತಿಗೆ ಹಿಡಿದವರನ್ನ ಕೇಳಿ, ಅವರು ಹೂಂ ಅಂದ ಮೇಲೇ ಹೋಗಿದ್ದು. ನಿಮ್ಮ ಹುಡುಗರಿಗೂ ಹೇಳಿ. ಕೆರೆ ಮೀನು ಅಂದ್ರೆ ಯಾರೋ ದುಡ್ಡು ಹಾಕಿ ಮರಿ ಬಿಟ್ಟಿರ್ತಾರೆ. ಹೊಳೆಯಲ್ಲಾದ್ರೆ ಮೀನುಗಾರಿಕೆ ಇಲಾಖೆಯಲ್ಲಿ ಕೇಳಬೇಕು. ಶೃಂಗೇರಿ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆ, ಇಂಥ ಮತ್ಸ್ಯಧಾಮಗಳ ಮೀನು ಮುಟ್ಟೋ ಹಾಗೇ ಇಲ್ಲ. ಭದ್ರಾ ಅಭಯಾರಣ್ಯದೊಳಗೂ ಇಲ್ಲ.

ದಡದಿಂದ ಹತ್ತಡಿ ಹಿಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆವು. ಮೊದಲ ದಿನ ಏನೂ ಸಿಗಲಿಲ್ಲ. ಎರಡನೇ ಸಲ ಹೋದಾಗ ಮುಕ್ಕಾಲು ಕೆ.ಜಿ. ಕೊರವ ಕಚ್ಚಿತು. ಮಾವನವರೇ ಎಳೆದು ದಡಕ್ಕೆ ತಂದ್ರು, ಮಗ ಬಲೆ ಹಿಡಿದ. ಅತ್ತೆ ಕಲ್ಲುಪ್ಪು ಹಾಕಿ ಉಜ್ಜಿ ಲೋಳೆ ತೆಗೆದು ಹುಣಸೆಹುಳಿ ಬಿಟ್ಟು ಸಾರು ಮಾಡಿದ್ರು. ಬೇಡ ಅಂದಿದ್ದ ನಮ್ಮನೆಯವರು ಎರಡು ಸಲ ಬಡಿಸ್ಕೊಂಡ್ರು, ಮಾತೇನೂ ಆಡಲಿಲ್ಲ.

ಜೂನಲ್ಲಿ ಮಳೆ ಹಿಡಿದ ಮೇಲೆ ಹೋದಾಗ ನೀರಿನ ಮೇಲೆ ಕೆಂಪು ಕೆಂಪಾಗಿ ಸಣ್ಣ ಮರಿಗಳ ಗುಂಪು ಕುದೀತಾ ಇತ್ತು. ಕೆಳಗೆ ತಾಯಿ ತಂದೆ ಕಾಯ್ತಿರ್ತಾವೆ, ಹತ್ತಿರ ಏನು ಬಿದ್ದರೂ ಬಂದು ಕಚ್ತಾವೆ. ಕಪ್ಪೆ ಎಸೆದರೆ ಸಿಗೋದು ಗ್ಯಾರಂಟಿ. ಮಗ ರಾಡು ಎತ್ತಿದ. "ಇಳಿಸೋ. ದೊಡ್ಡದನ್ನ ತೆಗೆದರೆ ಆ ಮರಿಗಳನ್ನ ಕಾಯೋರ್ಯಾರು?" ಅಂದ್ರು ಮಾವನವರು. ಅವತ್ತು ಬರೀ ಕೈಯಲ್ಲಿ ಬಂದೆವು. ಇದನ್ನೂ ನಿಮ್ಮ ಮಕ್ಕಳಿಗೆ ರೀಲಿನ ಜೊತೆಗೇ ಕೊಡಿ.

ದುಡ್ಡು ಕೊಡೋರು ನಾವು, ಹಾಗಾಗಿ ಷರತ್ತೂ ನಮ್ಮದೇ ಇರಲಿ. ನಾಲೆ ಹತ್ರ ಬೇಡ. ಕಾಂಕ್ರೀಟಿನ ಇಳಿಜಾರು, ಪಾಚಿ, ಜೋರು ನೀರು, ಬಿದ್ದರೆ ಹತ್ತೋಕೆ ಹಿಡಿ ಸಿಗಲ್ಲ, ಈಜು ಬಂದವರಿಗೂ ಕಷ್ಟ. ಒಬ್ಬರೇ ಹೋಗೋದು ಬೇಡ. ತೇಲೋ ಜಾಕೆಟ್ ರೀಲಿಗಿಂತ ಮೊದಲು ತಗೊಳ್ಳಿ. ಗುಡುಗು ಕೇಳಿದ ಕೂಡಲೇ ರಾಡು ಕೆಳಗಿಟ್ಟು ಮನೆಗೆ ಬರಬೇಕು. ಕಾರ್ಬನ್ ರಾಡಲ್ಲಿ ಕರೆಂಟು ಹರಿಯತ್ತೆ, ಕರೆಂಟ್ ತಂತಿ ಕೆಳಗೂ ಎಸೀಬಾರದು. ಗಾಳದ ಹಿಂದಿನ ಮುಳ್ಳನ್ನ ಇಕ್ಕಳದಲ್ಲಿ ಒತ್ತಿ ಮಡಿಸಿಬಿಡಿ, ಕೈಗೆ ಚುಚ್ಚಿದರೂ ಸಲೀಸಾಗಿ ಬರತ್ತೆ. ಕಿತ್ತ ದಾರ ದಡದಲ್ಲಿ ಬಿಸಾಕದೆ ಮನೆಗೆ ತರಬೇಕು. ಮಂಡಗದ್ದೆಗೆ ಹಕ್ಕಿ ನೋಡೋಕೆ ಮಕ್ಕಳನ್ನ ಕರ್ಕೊಂಡು ಹೋಗೋರು ನಾವೇ, ಆ ಹಕ್ಕಿಗಳಂಥವುಗಳ ಕಾಲಿಗೇ ಆ ದಾರ ಸುತ್ತಿಕೊಳ್ಳೋದು.

ಮಾವನವರ ಎಡಗೈ ಇವತ್ತಿಗೂ ಹಾಗೇ ಇದೆ. ರೀಲಿನಿಂದ ಕೈ ಸರಿಹೋಯ್ತು ಅಂತ ಯಾರೂ ತಿಳ್ಕೋಬೇಡಿ. ಆದರೆ ಹಿತ್ತಲಲ್ಲಿ ಸಂಜೆ ಐದಕ್ಕೆ ಮೊರ ಇಡೋದು ನಿಂತಿಲ್ಲ, ಬೀದಿ ಹುಡುಗರು ನಾಲ್ಕು ಜನ ಅವರ ಹತ್ರ ಕಲಿಯೋಕೆ ಬರ್ತಾರೆ. ನಿಮ್ಮ ಹುಡುಗರನ್ನೂ ಕಳಿಸಿ. ನಮ್ಮ ಎರಡು ರೀಲನ್ನೂ ಕೈಯಲ್ಲಿ ಹಿಡಿದು ನೋಡಲಿ, ಯಾವ ಕೈಗೆ ಯಾವುದು ಅಂತ ಮಾವನವರು ಹೇಳ್ತಾರೆ. ಆಮೇಲೆ ಅಂಗಡಿಗೆ ಹೋಗಿ. ಬರೋವಾಗ ಒಣಹಾಕಿದ ಸೀರೆಯಿಂದ ದೂರ ನಿಲ್ಲಿಸ್ಕೊಳ್ಳಿ, ಅತ್ತೆ ಈಗಲೂ ಬೈತಾರೆ.